ಘಟ್ಟದಲ್ಲಿ ಮರೆವು ಬಂದ ಲಾರಿ

ಮಂಗಳೂರಿನಿಂದ ಹಾಸನಕ್ಕೆ ಹೋಗುವವರಿಗೆ ಸಕಲೇಶಪುರವೆಂದರೆ ಬಸ್ಸು ನಿಲ್ಲುವ ಹತ್ತು ನಿಮಿಷ. ಒಂದು ಲೋಟ ಕಾಫಿ ಕುಡಿದು, ಹೇಮಾವತಿಯ ಕಡೆಗೊಮ್ಮೆ ಕಣ್ಣು ಹಾಯಿಸುವಷ್ಟರಲ್ಲಿ ಊರು ಹಿಂದೆ ಸರಿದಿರುತ್ತದೆ. ನಾನೂ ಎಷ್ಟೋ ವರ್ಷ ಅದನ್ನು ಹೀಗೆಯೇ ಕಂಡವನು. ಆ ಊರಿನಲ್ಲಿ ಮೂರು ಹಗಲು, ಮೂರು ರಾತ್ರಿ ತಂಗುವ ಯೋಗ ನನಗೆ ಒದಗಿದ್ದು ಪ್ರವಾಸದ ಹಂಬಲದಿಂದಲ್ಲ. ಲಾರಿಯೊಂದರ ಎಂಜಿನ್ನಿನ ಪಕ್ಕೆಗೆ ಅಂಟಿಕೊಂಡಿದ್ದ, ಸಾಧಾರಣ ನಿಘಂಟಿನಷ್ಟು ಗಾತ್ರದ ಅಲ್ಯೂಮಿನಿಯಂ ಪೆಟ್ಟಿಗೆಯೊಂದರ ಕೃಪೆಯಿಂದ.

2023ರ ಜೂನ್ ತಿಂಗಳಲ್ಲಿ ನನಗೆ ಮಂಗಳೂರಿನಿಂದ ಹಾಸನಕ್ಕೆ ವರ್ಗವಾಯಿತು. ಜುಲೈ 3ರ ಸೋಮವಾರ ಹೊಸ ಕಾಲೇಜಿನಲ್ಲಿ ಹಾಜರಾಗಬೇಕಾಗಿತ್ತು. ಅಧ್ಯಾಪಕನ ಸಂಸಾರದಲ್ಲಿ ಪಾತ್ರೆ ಪಡಗಗಳಿಗಿಂತ ಪುಸ್ತಕಗಳ ಭಾರವೇ ಹೆಚ್ಚೆಂಬುದು ಸಾಮಾನು ಏರಿಸುವ ಕೂಲಿಗಳು ಚೆನ್ನಾಗಿ ಬಲ್ಲ ಸತ್ಯ. ನನ್ನ ಪತ್ನಿ ಮಗಳನ್ನು ಕರೆದುಕೊಂಡು ಸರ್ಕಾರಿ ಬಸ್ಸಿನಲ್ಲಿ ಮುಂದಾಗಿ ಹೊರಟಳು. ಹೆಂಗಸರಿಗೆ ಉಚಿತ ಪ್ರಯಾಣ ನೀಡುವ ಶಕ್ತಿ ಯೋಜನೆ ಆ ತಿಂಗಳ 11ರಂದಷ್ಟೇ ಆರಂಭವಾಗಿತ್ತು. ಬಿಡಿಗಾಸು ಖರ್ಚಿಲ್ಲದೆ ಅವಳು ಸಂಜೆಯೊಳಗೆ ಹಾಸನದ ತವರುಮನೆ ಸೇರಿದಳು. ಪುಸ್ತಕಗಳನ್ನು ಬಿಟ್ಟು ಬರಲಾರೆನೆಂದು ಹಟ ಹಿಡಿದ ನಾನು 27ರ ಮಂಗಳವಾರ ಮಧ್ಯಾಹ್ನ ಲಾರಿಯ ಚಾಲಕರ ಪಕ್ಕದಲ್ಲಿ ಕುಳಿತೆ. ನಾನು ಹಾಸನ ಸೇರಿದ್ದು ಶನಿವಾರ.

ಚಾಲಕರು ಆಲೂರಿನ ಕಡೆಯವರು, ನಲವತ್ತರ ಆಸುಪಾಸಿನ ವಯಸ್ಸು, ಮಾತು ಕಡಮೆ. 2018ರ ಆ ಲಾರಿ ಅವರ ಸ್ವಂತದ್ದು. ಸ್ವಂತದ್ದೆಂದರೆ ಚಕ್ರಗಳು ಅವರವು, ಉಳಿದದ್ದು ಸಾಲ ಕೊಟ್ಟವರದು ಎಂದು ಅವರೇ ನಗುತ್ತ ಹೇಳಿದರು. ಪ್ರತಿ ತಿಂಗಳ 5ನೆಯ ತಾರೀಖಿನೊಳಗೆ ಕಂತು ಕಟ್ಟಬೇಕು. ಕ್ಲೀನರ್ ಹುಡುಗ ಅವರ ತಂಗಿಯ ಮಗ. ಮೂವರೂ ಬಿ.ಸಿ. ರೋಡ್, ಉಪ್ಪಿನಂಗಡಿ, ನೆಲ್ಯಾಡಿಗಳನ್ನು ದಾಟಿ ಗುಂಡ್ಯ ತಲುಪುವಾಗ ಕತ್ತಲಾಗಿತ್ತು, ಮಳೆ ಹಿಡಿದಿತ್ತು.

ಕೊಂಬೆ ಕಟ್ಟಿದ ರಾತ್ರಿ

ಶಿರಾಡಿ ಘಟ್ಟದ ರಸ್ತೆಗೆ 2015ರಲ್ಲಿ ಒಮ್ಮೆ, 2018ರಲ್ಲಿ ಇನ್ನೊಮ್ಮೆ, ಎರಡು ಹಂತಗಳಲ್ಲಿ ಕಾಂಕ್ರೀಟು ಹಾಸಿದ್ದಾರೆ. ಹಿಂದಿನ ಗುಂಡಿಗಳ ನೆನಪಿರುವವರಿಗೆ ಅದು ಸ್ವರ್ಗದ ಸೋಪಾನ. ಆದರೆ ಏರು ಏರೇ, ತಿರುವು ತಿರುವೇ. ಮಗ್ಗುಲಲ್ಲಿ ಕೆಂಪುಹೊಳೆ ಮೊರೆಯುತ್ತಿತ್ತು. ಮಂಗಳೂರಿನಿಂದ ಅನಿಲ ಹೊತ್ತ ಟ್ಯಾಂಕರುಗಳು ಆನೆಗಳ ಸಾಲಿನಂತೆ ಒಂದರ ಹಿಂದೊಂದು ಏರುತ್ತಿದ್ದವು. ದೂರದ ಬೆಟ್ಟದ ಮೈಯಲ್ಲಿ ರೈಲೊಂದು ಬೆಳಕಿನ ಸರದಂತೆ ಕಾಣಿಸಿಕೊಂಡು ಅಳಿಸಿಹೋಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ 55 ಕಿಲೋಮೀಟರು ಹಾದಿಯಲ್ಲಿ 57 ಸುರಂಗಗಳಿವೆ. ಆ ರೈಲಿಗೆ ಕಣ್ಣುಮುಚ್ಚಾಲೆಯೇ ಪ್ರಯಾಣ.

ಮಾರನಹಳ್ಳಿಗೆ ಇನ್ನು ಸ್ವಲ್ಪ ದೂರವಿದೆ ಎನ್ನುವಾಗ ಚಾಲಕರು ಕಾಲನ್ನು ಒತ್ತಿ ಒತ್ತಿ ನೋಡಿದರು. "ಗಾಡಿ ಎಳೀತಾ ಇಲ್ಲ ಸಾರ್" ಎಂದರು. ಎದುರಿನ ಫಲಕದಲ್ಲಿದ್ದ ದೀಪಗಳೆಲ್ಲ ಒಮ್ಮೆಲೇ ಹೊತ್ತಿಕೊಂಡವು. ಮರುಕ್ಷಣ ಎಂಜಿನ್ ನಿಂತಿತು.

ತುಂಬಿದ ಲಾರಿ ಏರಿನಲ್ಲಿ ನಿಂತರೆ ಏನಾಗುತ್ತದೆಂಬುದನ್ನು ಓದುಗರಿಗೆ ಹೇಳಬೇಕು. ಸ್ಟೀರಿಂಗು ಕಲ್ಲಿನಂತೆ ಬಿಗಿಯುತ್ತದೆ. ಬ್ರೇಕಿಗೆ ಬೇಕಾದ ಗಾಳಿಯನ್ನು ತುಂಬುವುದೂ ಎಂಜಿನ್ನೇ ಆದ್ದರಿಂದ, ತೊಟ್ಟಿಯಲ್ಲಿ ಉಳಿದಷ್ಟೇ ಗಾಳಿ. ಚಾಲಕರು ಅದನ್ನು ವ್ಯರ್ಥಮಾಡದೆ ಲಾರಿಯನ್ನು ಅಂಚಿಗೆ ಒರಗಿಸಿ ನಿಲ್ಲಿಸುವಷ್ಟರಲ್ಲಿ ಹುಡುಗ ಕೆಳಕ್ಕೆ ಹಾರಿ ಚಕ್ರಗಳಿಗೆ ಕಲ್ಲು ಕೊಟ್ಟಿದ್ದ. ಬಳಿಕ ಒಂದು ಹಸುರು ಕೊಂಬೆಯನ್ನು ಮುರಿದು ತಂದು ಲಾರಿಯ ಹಿಂಬದಿಗೆ ಕಟ್ಟಿದ, ಇನ್ನೊಂದನ್ನು ಇಪ್ಪತ್ತು ಮಾರು ಹಿಂದೆ ರಸ್ತೆಯ ಮೇಲಿಟ್ಟ. ನಮ್ಮ ನಾಡಿನ ಎಲ್ಲ ಚಾಲಕರಿಗೂ ತಿಳಿಯುವ ಅಕ್ಷರಮಾಲೆ ಅದು. ಅದನ್ನು ಓದಿಕೊಂಡೇ ಆ ರಾತ್ರಿ ನೂರಾರು ವಾಹನಗಳು ನಮ್ಮನ್ನು ಬಳಸಿ ಹೋದವು.

ಒಂದು ಗಂಟೆ ಕಳೆದ ಮೇಲೆ ಚಾಲಕರು ಕೀಲಿ ತಿರುವಿದರು. ಏನೂ ಆಗದಂತೆ ಎಂಜಿನ್ ಹೊರಟಿತು! ಅರ್ಧ ಗಂಟೆ ಏರಿ ಮತ್ತೆ ನಿಂತಿತು. ತಣಿದರೆ ಹೊರಡುವುದು, ಬಿಸಿಯಾದರೆ ನಿಲ್ಲುವುದು. ಹೀಗೆ ತೆವಳುತ್ತ, ಕಾಯುತ್ತ ನಾವು ಸಕಲೇಶಪುರದ ಗ್ಯಾರೇಜೊಂದರ ಮುಂದೆ ಬಂದು ನಿಂತಾಗ ಬುಧವಾರದ ಬೆಳಗು ಬಿಳಿಚಿಕೊಂಡು ಮೂಡುತ್ತಿತ್ತು. ಮಧ್ಯೆ ಚಾಲಕರು ಲಾರಿಯ ಸೇವಾಕೇಂದ್ರಕ್ಕೆ ಫೋನು ಮಾಡಿದ್ದರು. ಅಲ್ಲಿನವರು ಲಕ್ಷಣ ಕೇಳಿ, ನೋಡದೆಯೇ, "ಇಸಿಎಂ ಹೋಗಿದೆ, ಬದಲಾಯಿಸಬೇಕು" ಎಂದರಂತೆ. ಬೆಲೆ ಎಂಬತ್ತು ಸಾವಿರದ ಮೇಲೆ.

ಹೊಟ್ಟೆಯಿರುವ ಬಲ್ಬು

ಇಸಿಎಂ ಎಂದರೆ ಎಂಜಿನ್ನಿನ ನಿಯಂತ್ರಣ ಘಟಕ. ಜರ್ಮನಿಯ ಔಗ್ಸ್‌ಬರ್ಗ್ ನಗರದಲ್ಲಿ 1897ರಲ್ಲಿ ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ನನ್ನು ಯಶಸ್ವಿಯಾಗಿ ಓಡಿಸಿ ತೋರಿಸಿದಾಗ ಅದಕ್ಕೆ ಇಂಥ ಮಿದುಳಿರಲಿಲ್ಲ. ಗಾಳಿಯನ್ನು ಬಲವಾಗಿ ಅದುಮಿದರೆ ಅದು ಕೆಂಡದಂತೆ ಕಾಯುತ್ತದೆ. ಆಗ ಎಣ್ಣೆ ಸಿಂಪಡಿಸಿದರೆ ಕಿಡಿಯ ಹಂಗಿಲ್ಲದೆ ತಾನೇ ಹೊತ್ತಿಕೊಳ್ಳುತ್ತದೆ. ಎಷ್ಟು ಎಣ್ಣೆ, ಯಾವ ಕ್ಷಣದಲ್ಲಿ ಎಂಬುದನ್ನು ಬಹುಕಾಲ ನಿರ್ಧರಿಸುತ್ತಿದ್ದುದು ಉಕ್ಕಿನ ಪಂಪು. 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಮೈಕೋ ಕಾರ್ಖಾನೆ ಇಂಥ ಪಂಪುಗಳಿಗೆ ಎಷ್ಟು ಹೆಸರಾಯಿತೆಂದರೆ, ನಮ್ಮ ಮೆಕ್ಯಾನಿಕರ ಬಾಯಲ್ಲಿ ಪಂಪಿಗೆ ಮೈಕೋ ಎಂಬುದು ವಿಶೇಷಣವೇ ಆಗಿಬಿಟ್ಟಿತು.

ಹೊಗೆಯ ಮೇಲಿನ ಕಟ್ಟಳೆಗಳು ಬಿಗಿಯಾದಂತೆ ಆ ಉಕ್ಕಿನ ಲೆಕ್ಕ ಸಾಲದಾಯಿತು. 2017ರ ಏಪ್ರಿಲ್‌ನಿಂದ ದೇಶಕ್ಕೆಲ್ಲ ಬಿ.ಎಸ್. 4, 2020ರ ಏಪ್ರಿಲ್‌ನಿಂದ ಬಿ.ಎಸ್. 6 ಎಂಬ ನಿಯಮಗಳು ಬಂದವು. ಈಗಿನ ಎಂಜಿನ್ನಿನಲ್ಲಿ ಡೀಸೆಲ್ಲು ವಾಯುಮಂಡಲದ ಒತ್ತಡದ ಸಾವಿರದ ಆರುನೂರು ಪಟ್ಟಿಗೂ ಮೀರಿದ ಒತ್ತಡದಲ್ಲಿ ಒಂದು ಕೊಳವೆಯಲ್ಲಿ ಕಾದು ನಿಂತಿರುತ್ತದೆ. ಚಕ್ರದ ವೇಗ, ನೀರಿನ ಬಿಸಿ, ಗಾಳಿಯ ಒತ್ತಡ, ಚಾಲಕನ ಕಾಲಿನ ಇಂಗಿತ ಇವೆಲ್ಲವನ್ನೂ ಸೆನ್ಸರುಗಳಿಂದ ಕೇಳಿ ತಿಳಿದು, ಯಾವ ನಾಜಲು ಯಾವ ಕ್ಷಣದಲ್ಲಿ ಸೆಕೆಂಡಿನ ಸಾವಿರದ ಎಷ್ಟನೆಯ ಭಾಗದವರೆಗೆ ತೆರೆಯಬೇಕೆಂದು ಅಪ್ಪಣೆ ಕೊಡುವುದೇ ಈ ಪೆಟ್ಟಿಗೆ. ಅದು ಮರೆತರೆ ಎಂಜಿನ್ನಿಗೆ ಉಸಿರಾಡುವುದೂ ಮರೆತುಹೋಗುತ್ತದೆ.

ಗ್ಯಾರೇಜಿನ ಒಡೆಯರನ್ನು ಊರೆಲ್ಲ ಸಾಬ್ರು ಎಂದೇ ಕರೆಯುತ್ತಿತ್ತು. ಅರವತ್ತು ದಾಟಿದವರು, ಬಿಳಿಯ ಗಡ್ಡ, ಎಣ್ಣೆ ಹಿಡಿದ ಬೆರಳುಗಳು. ಸೇವಾಕೇಂದ್ರದ ತೀರ್ಪನ್ನು ಕೇಳಿ ಅವರು ತಲೆಯಾಡಿಸಿದರು. "ತಲೆನೋವು ಅಂದ್ರೆ ತಲೆ ಬದಲಾಯ್ಸಿ ಅಂತಾರಾ? ಮೊದಲು ಊಟ ಸರಿಯಾಗಿ ಹೋಗ್ತಾ ಇದ್ಯಾ ನೋಡೋಣ."

ಪೆಟ್ಟಿಗೆಯ ಊಟವೆಂದರೆ ವಿದ್ಯುತ್ತು. ಎರಡು ಬ್ಯಾಟರಿಗಳು ಸೇರಿ 24 ವೋಲ್ಟು. ಸಾಬ್ರು ಬ್ಯಾಟರಿ ಅಳೆದರು, ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡಿದರು. ಆಮೇಲೆ ಪೆಟ್ಟಿಗೆಗೆ ಹೋಗುವ ತಂತಿಗಳ ಕಟ್ಟನ್ನು ಕಳಚಿ ಮೀಟರು ಹಿಡಿದರು. ಅದು ಸರಿಯಾಗಿ 24 ತೋರಿಸಿತು. ಸಮಾಧಾನಪಡುವ ಬದಲು ಅವರು ಹಳೆಯ ಹೆಡ್‌ಲೈಟಿನ ಬಲ್ಬೊಂದನ್ನು ತಂದು ಅದೇ ತಂತಿಗಳಿಗೆ ಜೋಡಿಸಿದರು. ಬಲ್ಬು ಕೆಂಪಗೆ, ನಿದ್ದೆಗಣ್ಣಿನಂತೆ ಉರಿಯಿತು.

"ನೋಡಿ ಮೇಷ್ಟ್ರೇ, ಮೀಟರಿಗೆ ಹಸಿವಿಲ್ಲ. ತಂತೀಲಿ ಒಂದೇ ಎಳೆ ಉಳಿದಿದ್ರೂ ಅದು 24 ಅಂತಾನೇ ಹೇಳುತ್ತೆ. ಬಲ್ಬಿಗೆ ಹೊಟ್ಟೆ ಇದೆ. ಅದು ಉಂಡು ತೋರಿಸುತ್ತೆ."

ಮೂವತ್ತು ವರ್ಷ ಪರೀಕ್ಷೆಗಳನ್ನು ಬರೆದೂ ಬರೆಸಿಯೂ ಬದುಕಿದ ನನಗೆ, ಕೇಳಿದರೆ ಉತ್ತರ ಹೇಳುವವನಿಗೂ ಹೊರೆ ಹೊರಿಸಿದರೆ ನಿಲ್ಲುವವನಿಗೂ ಇರುವ ವ್ಯತ್ಯಾಸವನ್ನು ಇಷ್ಟು ಸರಳವಾಗಿ ಯಾರೂ ತೋರಿಸಿರಲಿಲ್ಲ.

ದೋಷ ಸಿಕ್ಕಿದ್ದು ಅರ್ತಿನ ತಂತಿಯಲ್ಲಿ. ಚಾಸಿಗೆ ಬಿಗಿದಿದ್ದ ಬೋಲ್ಟಿನ ಕೆಳಗೆ ಕರಾವಳಿಯ ತೇವಕ್ಕೆ ಹಸುರು ಕಿಲುಬು ಕಟ್ಟಿತ್ತು. ಅದನ್ನು ಉಜ್ಜಿ ಬೆಳಗಿ ಬಿಗಿದ ಮೇಲೆ ಬಲ್ಬು ಬೆಳ್ಳಗೆ ಉರಿಯಿತು. ಚಾಲಕರ ಮುಖವೂ ಬೆಳಗಿತು. ಎಂಬತ್ತು ಸಾವಿರದ ಕಾಯಿಲೆ ಒಂದು ಉಪ್ಪುಕಾಗದದಲ್ಲಿ ಹೋಯಿತೆಂದರೆ ಯಾರಿಗೆ ತಾನೆ ಸಂತೋಷವಾಗದು? ಸಾಬ್ರು ಮಾತ್ರ ನಗಲಿಲ್ಲ. "ಇದೂ ಒಂದು ಕಾಯಿಲೆ. ಇದೇ ಕಾಯಿಲೆನಾ ಅನ್ನೋದನ್ನ ರಸ್ತೆ ಹೇಳಬೇಕು" ಎಂದರು. ಮಧ್ಯಾಹ್ನ ಹಾಸನದ ಹಾದಿಯಲ್ಲಿ ಓಡಿಸಿ ನೋಡಿದೆವು. ರಸ್ತೆ ಹೇಳಿತು: ಬಾಳ್ಳುಪೇಟೆಯ ಹತ್ತಿರ ಲಾರಿ ಮತ್ತೆ ನಿಂತಿತು.

ತಣಿಸಿ ಹಿಂದಕ್ಕೆ ತಂದ ಮೇಲೆ ಸಾಬ್ರು ಸೆನ್ಸರುಗಳನ್ನು ಹಿಡಿದರು. ಪೆಟ್ಟಿಗೆ ತನ್ನ ಸೆನ್ಸರುಗಳಿಗೆ 5 ವೋಲ್ಟು ಹಂಚುತ್ತದೆ. ಅವುಗಳಲ್ಲಿ ಒಂದು ಕೆಟ್ಟು ಒಳಗೊಳಗೇ ಸುಟ್ಟುಕೊಂಡರೆ, ಆ 5 ವೋಲ್ಟನ್ನು ತಾನೊಬ್ಬನೇ ನುಂಗಿ, ಪೆಟ್ಟಿಗೆಯೇ ಸತ್ತಿತೆಂಬ ಭ್ರಮೆ ಹುಟ್ಟಿಸುತ್ತದೆ. ಒಂದೊಂದನ್ನೇ ಕಳಚಿ ನೋಡಿದ್ದಾಯಿತು. ಎಲ್ಲವೂ ನಿರ್ದೋಷಿಗಳು.

"ಇನ್ನು ಪೆಟ್ಟಿಗೆಯನ್ನೇ ಕೇಳಬೇಕು. ಇದೊಂದನ್ನೇ ಬಿಸಿ ಮಾಡಿ ನೋಡೋಕೆ ಏನಾದ್ರೂ ಇದ್ಯಾ?" ಎಂದು ಸಾಬ್ರು ಸುತ್ತ ನೋಡಿದರು. ನನಗೆ ಥಟ್ಟನೆ ನೆನಪಾಯಿತು. ಲಾರಿಯ ತಾಡಪಾಲಿನ ಕೆಳಗೆ, 'ಕನ್ನಡಿ, ಇತ್ಯಾದಿ' ಎಂದು ಬರೆದ ಪೆಟ್ಟಿಗೆಯಲ್ಲಿ, ನನ್ನ ಪತ್ನಿಯ ಕೂದಲು ಒಣಗಿಸುವ ಯಂತ್ರವಿತ್ತು!

ಅದನ್ನು ಹುಡುಕಿ ತೆಗೆದೆವು. ತಣ್ಣಗಿದ್ದ ಎಂಜಿನ್ನನ್ನು ಚಾಲೂ ಮಾಡಿ, ಆ ಗುಲಾಬಿ ಬಣ್ಣದ ನಾಜೂಕು ಉಪಕರಣದಿಂದ ಸಾಬ್ರು ಪೆಟ್ಟಿಗೆಗೆ ಬಿಸಿಗಾಳಿ ಊದಿದರು. ಎಂಟು ನಿಮಿಷಕ್ಕೆ ಎಂಜಿನ್ ನಡುಗಿ ನಿಂತಿತು. ತಣ್ಣೀರು ಬಟ್ಟೆ ಹಾಕಿದರೆ ಹೊರಟಿತು. ಮತ್ತೆ ಬಿಸಿ, ಮತ್ತೆ ಮೌನ. ಮೂರು ಬಾರಿಯೂ ಅದೇ ಕಥೆ. ಇನ್ನು ಸಂದೇಹವಿರಲಿಲ್ಲ. ಒಳಗಿನ ಯಾವುದೋ ಬೆಸುಗೆ ಕೂದಲೆಳೆಯಷ್ಟು ಬಿರಿದು, ಕಾದಾಗ ಬಾಯಿಬಿಡುತ್ತಿತ್ತು.

"ಬಾಡಿಗೆ ವೆಲ್ಡಿಂಗ್ ಮಾಡ್ಸಿದ್ಯೇನಪ್ಪಾ? ಆಗ ಬ್ಯಾಟರಿ ಬಿಚ್ಚಿದ್ರಾ?" ಎಂದು ಸಾಬ್ರು ಕೇಳಿದರು. ಚಾಲಕರು ಉತ್ತರಿಸಲಿಲ್ಲ. ಚಾಸಿಯ ಮೂಲಕ ಹರಿಯುವ ಬೆಸುಗೆಯ ವಿದ್ಯುತ್ತು ಇಂಥ ಪೆಟ್ಟಿಗೆಗಳಿಗೆ ಶತ್ರುವಂತೆ. ಅದರಿಂದಲೇ ಆಯಿತೋ, ವರ್ಷಗಳ ಕುಲುಕಾಟ ಮತ್ತು ಕಾವಿನಿಂದ ಆಯಿತೋ, ಆದದ್ದಂತೂ ಆಗಿತ್ತು.

ಆ ಸಂಜೆ ನನ್ನ ಪತ್ನಿ ಫೋನಿನಲ್ಲಿ ನ್ಯಾಯವಾದ ಮಾತನ್ನೇ ಹೇಳಿದಳು: "ಹಾಸನ ಅಲ್ಲಿಂದ ಒಂದು ಗಂಟೆಯ ದಾರಿ. ಸಾಮಾನನ್ನು ಬೇರೆ ಲಾರಿಗೆ ಹಾಕಿಸಿಕೊಂಡು ಬನ್ನಿ." ಚಾಲಕರೂ ಅದನ್ನೇ ಹೇಳಿದರು. ಆದರೆ ಬೇರೆ ಲಾರಿ ಬಂದರೆ ಇವರ ಬಾಡಿಗೆಯಲ್ಲಿ ಅರ್ಧ ಅದರ ಪಾಲಾಗುತ್ತಿತ್ತು. ಕಂತಿಗೆ ಉಳಿದಿದ್ದುದು ಒಂದು ವಾರ. ಸೋಮವಾರದವರೆಗೆ ನನಗೆ ಬಿಡುವಿತ್ತು, ಪುಸ್ತಕಗಳಿಗೆ ಅವಸರವಿರಲಿಲ್ಲ. ನಾನು ಉಳಿಯುವುದಾಗಿ ಹೇಳಿದೆ.

ಆಗ ದೊಡ್ಡ ಪ್ರಶ್ನೆ ಎದುರಾಯಿತು. ಗುಜರಿಯಲ್ಲಿ ಇದೇ ಮಾದರಿಯ ಹಳೆಯ ಪೆಟ್ಟಿಗೆ ಇಪ್ಪತ್ತೈದು ಸಾವಿರಕ್ಕೆ ಸಿಗುತ್ತದೆಂದು ಯಾರೋ ಚಾಲಕರ ಕಿವಿಯಲ್ಲಿ ಊದಿದ್ದರು. ಸಾಬ್ರು ತಡೆಯಲಿಲ್ಲ, ಒಪ್ಪಲೂ ಇಲ್ಲ. "ಅದರಲ್ಲಿ ಬೇರೆ ಎಂಜಿನ್ನಿನ ನೆನಪಿರುತ್ತೆ. ಆ ಗಾಡಿ ಯಾಕೆ ಗುಜರಿಗೆ ಹೋಯ್ತೋ ಯಾರಿಗೆ ಗೊತ್ತು? ದುಡ್ಡು ನಿನ್ನದು, ಘಟ್ಟಾನೂ ನಿನ್ನದೇ" ಎಂದರು. ಚಾಲಕರು ಮಳೆಯಲ್ಲೇ ಹೊರಗೆ ಹೋಗಿ ಮನೆಗೆ ಫೋನು ಮಾಡಿ ಬಹಳ ಹೊತ್ತು ಮಾತಾಡಿದರು. ಒಳಗೆ ಬಂದವರೇ, "ಹೊಸದೇ ತರಿಸಿ ಸಾಬ್ರೇ" ಎಂದರು. ಮನೆಯ ಸರವೊಂದು ಮರುದಿನವೇ ಅಡವಿಗೆ ಹೋಯಿತೆಂಬುದನ್ನು ಬಳಿಕ ಹುಡುಗನಿಂದ ತಿಳಿದೆ.

ಹಬ್ಬದ ದಿನದ ಶಾಸನ

ಮರುದಿನ, 29ರ ಗುರುವಾರ, ಬಕ್ರೀದ್. ಅಂಗಡಿಗಳು ಅರ್ಧ ಮುಚ್ಚಿದ್ದವು. ಮಳೆ ಹೊಳವಾಗಿತ್ತು. ನಾನು ಹೇಮಾವತಿಯ ದಂಡೆಯವರೆಗೆ ನಡೆದು ಹೋದೆ. ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 950 ಮೀಟರು ಎತ್ತರದಲ್ಲಿದೆ. ಸುತ್ತಲೂ ಕಾಫಿಯ ತೋಟ, ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ; ಎಲ್ಲದರಿಂದಲೂ ನೀರು ತೊಟ್ಟಿಕ್ಕುತ್ತಿತ್ತು. ಹಿಂದಿನ ರಾತ್ರಿ ನಾವು ಕೇಳಿದ್ದ ಕೆಂಪುಹೊಳೆಯ ನೀರು ಗುಂಡ್ಯ ಹೊಳೆಯಾಗಿ, ಕುಮಾರಧಾರೆಗೆ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಇಲ್ಲಿ ನನ್ನ ಕಾಲಬಳಿ ಹರಿಯುವ ನೀರು ಗೊರೂರಿನ ಅಣೆಕಟ್ಟನ್ನು ಹಾದು, ಕಾವೇರಿಯಾಗಿ ಬಂಗಾಳ ಕೊಲ್ಲಿಗೆ. ಒಂದೇ ಮೋಡದ ಮಳೆ, ಕೆಲವೇ ಮೈಲಿಗಳ ಅಂತರದಲ್ಲಿ ಬಿದ್ದದ್ದಕ್ಕೆ ಎರಡು ಕಡಲುಗಳ ಪಾಲಾಗುತ್ತದೆ. ಬಸ್ಸಿನಲ್ಲಿ ಹೋಗುವಾಗ ಈ ನೀರ್ವಿಭಜನೆಯನ್ನು ಎಷ್ಟು ಸಲ ದಾಟಿದ್ದೆನೋ! ತಿಳಿದಿತ್ತು, ಕಂಡಿರಲಿಲ್ಲ.

ಹಿಂದಿರುಗುವಾಗ ಗ್ಯಾರೇಜಿನಲ್ಲಿ ನನಗಾಗಿ ಒಂದು ಡಬ್ಬಿ ಕಾದಿತ್ತು. "ಮೇಷ್ಟ್ರು ಮಾಂಸ ತಿನ್ನಲ್ಲ ಅಂತ ಗೊತ್ತು. ಇದು ಶಾವಿಗೆ ಪಾಯಸ, ಬೇರೆ ಪಾತ್ರೇಲೇ ಮಾಡ್ಸಿದೀನಿ" ಎಂದರು ಸಾಬ್ರು, ಹೊಸ ಬಿಳಿಯ ಅಂಗಿಯಲ್ಲಿ. ಹಬ್ಬದ ದಿನವೂ ಅವರು ಬಂದಿದ್ದುದಕ್ಕೆ ಕಾರಣವಿತ್ತು. ಹಾಸನದಿಂದ ಲ್ಯಾಪ್‌ಟಾಪು ಹೊತ್ತ ತರುಣನೊಬ್ಬ ಮೋಟಾರುಬೈಕಿನಲ್ಲಿ ಬಂದಿದ್ದ. ಪಾಲಿಟೆಕ್ನಿಕ್ಕಿನಲ್ಲಿ ಓದಿದವನು; ಸಾಬ್ರು ಅವನನ್ನು ಮಗಾ ಎಂದು ಕರೆಯುತ್ತಿದ್ದರು.

ತರುಣ ವಿವರಿಸಿದ: ಹೊಸ ಪೆಟ್ಟಿಗೆ ಬರುವಾಗ ಬರಿದಾಗಿರುತ್ತದೆ. ಈ ಲಾರಿಯ ಚಾಸಿ ಸಂಖ್ಯೆ, ಕೀಲಿಯ ಗುಟ್ಟು, ಪ್ರತಿಯೊಂದು ನಾಜಲಿನ ಗುರುತು ಇವನ್ನೆಲ್ಲ ಅದಕ್ಕೆ ಕಲಿಸದಿದ್ದರೆ ಎಂಜಿನ್ ಹೊರಡುವುದೇ ಇಲ್ಲ, ಹೊರಟರೂ ಸರಿಯಾಗಿ ಓಡುವುದಿಲ್ಲ. ಆದ್ದರಿಂದ ಹಳೆಯ ಪೆಟ್ಟಿಗೆ ತಣ್ಣಗಿದ್ದು ಪ್ರಜ್ಞೆಯಲ್ಲಿರುವಾಗಲೇ ಅದರ ನೆನಪನ್ನೆಲ್ಲ ಓದಿ ತೆಗೆದಿಡಬೇಕು. ಸಂಪೂರ್ಣ ಸತ್ತ ಮೇಲೆ ಕೇಳಿದರೆ ಉತ್ತರವಿಲ್ಲ.

ಓದು ಮುಗಿಯಿತು. ಲ್ಯಾಪ್‌ಟಾಪಿನ ಪರದೆಯ ಮೇಲೆ ಆರು ನಾಜಲುಗಳ ಆರು ಸಂಕೇತಗಳು ಮೂಡಿದವು. ಒಂದೇ ಅಚ್ಚಿನಲ್ಲಿ ತಯಾರಾದರೂ ಯಾವ ಎರಡು ನಾಜಲುಗಳೂ ಎಣ್ಣೆಯನ್ನು ಸರಿಸಮನಾಗಿ ಬಿಡುವುದಿಲ್ಲವಂತೆ. ಅವುಗಳ ಕೂದಲೆಳೆಯ ವ್ಯತ್ಯಾಸವನ್ನು ಕಾರ್ಖಾನೆಯಲ್ಲೇ ಅಳೆದು, ಅಂಕಿ ಅಕ್ಷರಗಳ ಸಂಕೇತವಾಗಿ ಅದರ ನೆತ್ತಿಯ ಮೇಲೆ ಕೆತ್ತಿರುತ್ತಾರೆ. ಆ ಸಂಕೇತ ತಿಳಿದರೆ ಪೆಟ್ಟಿಗೆ ಪ್ರತಿಯೊಂದರ ಗುಣ ಅರಿತು ಅಪ್ಪಣೆ ಕೊಡುತ್ತದೆ.

"ಹಾಗಾದ್ರೆ ಇದನ್ನೇ ಹೊಸದಕ್ಕೆ ಹಾಕಿದ್ರೆ ಆಯ್ತಲ್ಲ" ಎಂದೆ.

"ಬರೆದಿದ್ದು ಸರಿಯಾಗಿದ್ಯಾ ಅಂತ ಮೂಲ ನೋಡಬೇಡವಾ ಮೇಷ್ಟ್ರೇ?" ಎಂದರು ಸಾಬ್ರು.

ಗ್ರಂಥಸಂಪಾದನೆಯ ಪಾಠ ಹೇಳುವ ನನಗೆ ನಾಚಿಕೆಯಾಯಿತು. ತಾಳೆಗರಿಯ ಪ್ರತಿಗಳಲ್ಲಿ ಲಿಪಿಕಾರನ ತಪ್ಪು ಹೇಗೆ ಪೀಳಿಗೆಯಿಂದ ಪೀಳಿಗೆಗೆ ಹರಿಯುತ್ತದೆಂದು ವರ್ಷ ವರ್ಷವೂ ವಿದ್ಯಾರ್ಥಿಗಳಿಗೆ ಹೇಳುವವನು ನಾನೇ. ಕನ್ನಡದ ಅತಿ ಹಳೆಯ ಶಾಸನವೆಂದು ಪ್ರಸಿದ್ಧವಾದ, ಸುಮಾರು ಕ್ರಿ.ಶ. 450ರ ಹಲ್ಮಿಡಿಯ ಕಲ್ಲು 1936ರಲ್ಲಿ ಬೆಳಕಿಗೆ ಬಂದದ್ದು ಇದೇ ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿ. ಅದರ ಹದಿನಾರು ಸಾಲುಗಳ ಒಂದೊಂದು ಅಕ್ಷರಕ್ಕೂ ವಿದ್ವಾಂಸರು ಎಷ್ಟು ಚರ್ಚಿಸಿದ್ದಾರೆ!

ಎಂಜಿನ್ನಿನ ಮೇಲಿನ ಮುಚ್ಚಳವನ್ನು ಬಿಚ್ಚಿದರು. ಸಾಬ್ರ ಕಣ್ಣಿಗೆ ಸಣ್ಣ ಅಕ್ಷರ ಕಾಣದು. ತರುಣ ಲ್ಯಾಪ್‌ಟಾಪು ಬಿಟ್ಟು ಏಳುವಂತಿಲ್ಲ. ಹೀಗಾಗಿ ಶಾಸನ ಓದುವ ಕೆಲಸ ನನ್ನ ಪಾಲಿಗೆ ಬಂತು. ಬಂಪರಿನ ಮೇಲೆ ಹತ್ತಿ, ಟಾರ್ಚು ಹಿಡಿದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮಸಿ ತೆಗೆದು ಒಂದೊಂದೇ ಅಕ್ಷರ ಓದಿ ಹೇಳಿದೆ. ಎಂಟೋ ಬಿಯೋ, ಸೊನ್ನೆಯೋ ಡಿಯೋ ಎಂದು ಸಂದೇಹ ಬಂದಲ್ಲಿ ಟಾರ್ಚನ್ನು ಓರೆಯಾಗಿ ಹಿಡಿದೆ. ಕಲ್ಲಿನ ಶಾಸನವನ್ನು ಓರೆಬೆಳಕಿನಲ್ಲಿ ಓದಬೇಕೆಂಬುದು ನನ್ನ ಗುರುಗಳು ಕಲಿಸಿದ ಪಾಠ.

ಒಂದನೆಯದು, ಎರಡನೆಯದು ಹೊಂದಿದವು. ಮೂರನೆಯದನ್ನು ಓದುತ್ತಿದ್ದಂತೆ ತರುಣ, "ಇನ್ನೊಂದ್ಸಲ ಹೇಳಿ ಸಾರ್" ಎಂದ. ಹೇಳಿದೆ. ಕಲ್ಲಿನಲ್ಲಿದ್ದುದು ಒಂದು, ಪ್ರತಿಯಲ್ಲಿದ್ದುದು ಮತ್ತೊಂದು!

ಸಾಬ್ರು ಚಾಲಕರ ಕಡೆ ತಿರುಗಿದರು. ಹಿಂದಿನ ವರ್ಷ ದೂರದ ಯಾವುದೋ ಊರಿನ ಗ್ಯಾರೇಜಿನಲ್ಲಿ ಆ ಒಂದು ನಾಜಲನ್ನು ಬದಲಾಯಿಸಿದ್ದರಂತೆ. ಹೊಸ ನಾಜಲನ್ನು ಕೂರಿಸಿದವರು ಅದರ ಹೆಸರನ್ನು ಪೆಟ್ಟಿಗೆಗೆ ಹೇಳಿರಲೇ ಇಲ್ಲ. ಅಂದಿನಿಂದ ನಿಂತಲ್ಲಿ ನಡುಕ, ಏರಿನಲ್ಲಿ ಕರಿಯ ಹೊಗೆ, ಡೀಸೆಲ್ ಹೆಚ್ಚು ಖರ್ಚು. "ಒಂದು ವರ್ಷದಿಂದ ಗಾಡಿಗೆ ವಯಸ್ಸಾಯ್ತು ಅಂತಲೇ ಅಂದ್ಕೊಂಡಿದ್ದೆ" ಎಂದರು ಚಾಲಕರು ಮೆಲ್ಲಗೆ.

ಹೊಸ ಪೆಟ್ಟಿಗೆ

ಶುಕ್ರವಾರ ಬೆಳಗ್ಗೆ ಬೆಂಗಳೂರಿಗೆ ಹಣ ಹೋಯಿತು. ಸಂಜೆ ಬಸ್ಸಿನಲ್ಲಿ ಪೆಟ್ಟಿಗೆ ಬಂತು. ಸಾಬ್ರು ಮೊದಲು ಬ್ಯಾಟರಿಯ ತಂತಿಗಳನ್ನು ಕಳಚಿ ಕೆಲವು ನಿಮಿಷ ಸುಮ್ಮನೆ ಕುಳಿತರು. ಒಳಗೆ ಉಳಿದ ವಿದ್ಯುತ್ತು ಇಳಿಯಬೇಕಂತೆ. ಬಳಿಕ ಚಾಸಿಯ ಕಬ್ಬಿಣವನ್ನೊಮ್ಮೆ ಮುಟ್ಟಿದರು. ಮೈಯಲ್ಲಿ ಹುಟ್ಟುವ ಸಣ್ಣ ಕಿಡಿಯೂ ಇಂಥ ಪೆಟ್ಟಿಗೆಗೆ ಮಾರಕವಾಗಬಹುದು. ಹಳೆಯದನ್ನು ಕಳಚಿ, ಕುಲುಕಾಟ ತಡೆಯುವ ರಬ್ಬರು ಬುಷ್ಷುಗಳನ್ನು ಹೊಸದು ಹಾಕಿ, ತಂತಿಯ ಕಟ್ಟಿನ ಸೂಜಿಗಳಲ್ಲಿ ಯಾವುದೂ ಬಾಗಿಲ್ಲವೆಂದು ನೋಡಿ, ಹೊಸ ಪೆಟ್ಟಿಗೆಯನ್ನು ಕೂರಿಸಿದರು. ಮುಕ್ಕಾಲು ಗಂಟೆಯ ಕೆಲಸ. ನಿಜವಾದ ಕೆಲಸ ಇನ್ನು ಮುಂದೆ.

ನೆನಪು ತುಂಬುವಾಗ ಬ್ಯಾಟರಿಯ ಬಲ ನಡುವೆ ಕುಸಿದರೆ ಹೊಸ ಪೆಟ್ಟಿಗೆ ಹುಟ್ಟುತ್ತಲೇ ಸಾಯಬಹುದು. ಅದಕ್ಕಾಗಿ ಚಾರ್ಜರು ಹಚ್ಚಿದ್ದರು. ಆದರೆ ಮಲೆನಾಡಿನ ಮಳೆಗಾಲದ ಕರೆಂಟನ್ನು ನಂಬುವವರುಂಟೆ? ಸಾಬ್ರು ಪಕ್ಕದಲ್ಲಿ ನಿಂತಿದ್ದ ಇನ್ನೊಂದು ಲಾರಿಯ ಎರಡು ಬ್ಯಾಟರಿಗಳನ್ನೂ ಬಿಚ್ಚಿಸಿ ತಂದು ಜೊತೆಗೆ ಜೋಡಿಸಿದರು. ಆ ಲಾರಿಯವನು ಗುರುತಿಲ್ಲದವನು, ತುಮಕೂರಿನ ಕಡೆಯವನು. "ಇವತ್ತು ನಿಮಗೆ, ನಾಳೆ ನನಗೆ" ಎಂದು ಹೇಳಿ ಬೆಂಚಿನ ಮೇಲೆ ಕುಳಿತ.

ತರುಣ ಆರಂಭಿಸಿದ. ಪರದೆಯ ಮೇಲೆ ಹಸುರು ಪಟ್ಟಿ ಇಂಚಿಂಚಾಗಿ ಬೆಳೆಯತೊಡಗಿತು. ನೂರರಲ್ಲಿ ನಲವತ್ತು ತಲುಪಿರಬಹುದು. ಗ್ಯಾರೇಜಿನ ದೀಪ ಹೋಯಿತು. ಬೀದಿಯೆಲ್ಲ ಕತ್ತಲು. ಯಾರೂ ಮಾತಾಡಲಿಲ್ಲ. ಲ್ಯಾಪ್‌ಟಾಪಿನ ಬೆಳಕಿನಲ್ಲಿ ಐದಾರು ಮುಖಗಳು ಮಾತ್ರ ಕಾಣುತ್ತಿದ್ದವು. ಚಾಲಕರು ಕಣ್ಣು ಮುಚ್ಚಿದ್ದರು. ಮೀಟರಿನ ಅಂಕಿ ಮಾತ್ರ ಅಲುಗಲಿಲ್ಲ. ನಾಲ್ಕು ಬ್ಯಾಟರಿಗಳು ಹೊರೆ ಹೊತ್ತು ನಿಂತಿದ್ದವು. ಪಟ್ಟಿ ತುಂಬಿತು. ಆಮೇಲೆ ಚಾಸಿ ಸಂಖ್ಯೆ, ಕೀಲಿಯ ಗುಟ್ಟು, ಕೊನೆಗೆ ನಾನು ಓದಿ ಬರೆದಿದ್ದ ಆರು ಸಂಕೇತಗಳು.

"ಸೆಲ್ಫ್ ಹೊಡಿ" ಎಂದರು ಸಾಬ್ರು.

ಎಂಜಿನ್ ಹೊರಟಿತು. ಮೂರು ದಿನಗಳಿಂದ ಅದರ ಸದ್ದು ಕೇಳಿದ್ದ ನನ್ನ ಕಿವಿಗೂ ವ್ಯತ್ಯಾಸ ತಿಳಿಯಿತು. ಆ ನಡುಕ ಇರಲಿಲ್ಲ. ಸಾಬ್ರು ಒಂದು ಲೋಟ ನೀರನ್ನು ಬಂಪರಿನ ಮೇಲಿಟ್ಟು ನೋಡಿ, ಲೋಟವನ್ನೆತ್ತಿ ಆ ನೀರನ್ನೇ ಕುಡಿದರು. ಅವರ ಪ್ರಮಾಣಪತ್ರ ಅದು.

ಶನಿವಾರ ಬೆಳಗ್ಗೆ, ಹಾಸನದ ಕಡೆಗಲ್ಲ, ಘಟ್ಟದ ಕಡೆಗೇ ಮೊದಲು ಹೊರಟೆವು. ಎಲ್ಲಿ ಬಿದ್ದಿತ್ತೋ ಅಲ್ಲೇ ಎದ್ದು ತೋರಿಸಬೇಕೆಂಬುದು ಸಾಬ್ರ ಹಟ. ಮಾರನಹಳ್ಳಿಯವರೆಗೆ ಇಳಿದು, ತುಂಬಿದ ಭಾರದೊಡನೆ ಮತ್ತೆ ಏರಿದೆವು. ದೋಣಿಗಾಲಿನಲ್ಲಿ ನಿಲ್ಲಿಸಿ ಸಾಬ್ರು ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು ಕಾವು ನೋಡುತ್ತಿದ್ದಾಗ, ಮಂಜು ಸರಿದು ಮೇಲೆ ಮಂಜ್ರಾಬಾದ್ ಕೋಟೆ ಕಾಣಿಸಿತು. 1792ರಲ್ಲಿ ಟಿಪ್ಪು ಕಟ್ಟಿಸಿದ ಎಂಟು ಮೂಲೆಗಳ ನಕ್ಷತ್ರಾಕಾರದ ಕೋಟೆ. ಕರಾವಳಿಯಿಂದ ಏರಿಬರುವವರನ್ನೆಲ್ಲ ಅಂದು ಅಲ್ಲಿಂದ ಕಾಯುತ್ತಿದ್ದರು. ಕಾಯುವ ಕೆಲಸ ಈಗ ರಸ್ತೆಯ ಬದಿಯ ತಗಡಿನ ಮಾಡಿನ ಕೆಳಗಿನವರಿಗೆ ಬಂದಿದೆ ಎಂದುಕೊಂಡೆ.

ಸಾಬ್ರು ತಮ್ಮ ಕೂಲಿಯೆಂದು ಹೇಳಿದ ಮೊತ್ತ ಕೇಳಿ ನಾನು ಬೆರಗಾದೆ. ಪೆಟ್ಟಿಗೆಯ ಬೆಲೆಯ ಮುಂದೆ ಅದು ಏನೂ ಅಲ್ಲ. ಆರು ಸಂಕೇತಗಳನ್ನು ನಾನು ಬರೆದಿದ್ದ ಹಾಳೆಯನ್ನು ಅವರು ಪ್ಲಾಸ್ಟಿಕ್ಕಿನ ಹೊದಿಕೆಯಲ್ಲಿಟ್ಟು ಚಾಲಕರ ಕೈಗಿತ್ತರು. "ಆರ್‌ಸಿ ಪುಸ್ತಕದ ಜೊತೆ ಇಟ್ಕೋ. ನಾಳೆ ಯಾವ ಊರಲ್ಲಿ ಯಾರು ನಾಜಲ್ ಮುಟ್ಟಿದ್ರೂ ಇದರಲ್ಲಿ ತಿದ್ದಿಸು" ಎಂದರು. ಚಾಲಕರು ಅದನ್ನು ಮಂಜುನಾಥನ ಪಟದ ಹಿಂದೆ ಸಿಕ್ಕಿಸಿದರು.

ಮಧ್ಯಾಹ್ನದ ಹೊತ್ತಿಗೆ ಹಾಸನ ಸೇರಿದೆವು. ಸಾಮಾನು ಇಳಿಸಿದ ಮೇಲೆ, ಮಾತಾಡಿದ್ದ ಬಾಡಿಗೆಯ ಮೇಲೆ ಸ್ವಲ್ಪ ಹಣವನ್ನು ಸೇರಿಸಿ ಕೊಡಹೋದೆ. ಚಾಲಕರು ಹೆಚ್ಚಿನದನ್ನು ಹಿಂದಿರುಗಿಸಿದರು. "ನೀವು ಗಾಡಿ ಬದಲಾಯಿಸಲಿಲ್ಲ, ಅದೇ ಸಾಕು ಸಾರ್" ಎಂದರು. ಆಗಸ್ಟಿನಲ್ಲಿ ಅವರೇ ಫೋನು ಮಾಡಿದ್ದರು. ಲಾರಿ ಘಟ್ಟ ಹತ್ತಿ ಇಳಿಯುತ್ತಿದೆ, ಕಂತು ತಪ್ಪಿಲ್ಲ, ಸರವನ್ನು ಬಿಡಿಸಿಕೊಳ್ಳುವುದು ಮಾತ್ರ ಬಾಕಿ ಎಂದರು.

ಆ ಶನಿವಾರ ಸಂಜೆ ನನ್ನ ಪತ್ನಿ ಪೆಟ್ಟಿಗೆಗಳನ್ನು ಬಿಚ್ಚುತ್ತಿದ್ದಳು. 'ಕನ್ನಡಿ, ಇತ್ಯಾದಿ'ಯಿಂದ ಗುಲಾಬಿ ಬಣ್ಣದ ಆ ಉಪಕರಣವನ್ನು ಹೊರತೆಗೆದು ಮೂಗಿನ ಬಳಿ ಹಿಡಿದು ಕೇಳಿದಳು:

"ಇದಕ್ಕೇಕೆ ಡೀಸೆಲ್ ವಾಸನೆ?"

ಉತ್ತರ ಹೇಳಲು ನನಗೆ ರಾತ್ರಿಯ ಊಟದವರೆಗೆ ಹಿಡಿಯಿತು.